ಬಂದೂಕು ಬಂದರೆ ಎಲ್ಲ ನೆಟ್ಟಗಾಗುತ್ತದಾ, ಮರಿ?

'ಐದು ವರ್ಷ ಮಿಲಿಟರಿ ಆಡಳಿತ ಬರಲಿ, ಎಲ್ಲರೂ ನೆಟ್ಟಗಾಗ್ತಾರೆ' ಅಂತ ಆಗಾಗ ಹೇಳುತ್ತೀಯಲ್ಲ ಮರಿ, ಆ ಮಾತು ನೀನೇ ಕಂಡುಹಿಡಿದದ್ದು ಅಂದುಕೊಂಡಿದ್ದೀಯಾ? ನಮ್ಮ ಕಾಲದ ಅರಳಿಕಟ್ಟೆಯಲ್ಲೂ ಕ್ಷೌರದಂಗಡಿಯಲ್ಲೂ ಇದೇ ಮಾತು ಓಡಾಡುತ್ತಿತ್ತು. ನಿನಗೆ ಸಿಟ್ಟು ಬರುವುದು ಒಳ್ಳೆಯದೇ. ಲಂಚ ಕಂಡೂ ಮೈ ಉರಿಯದ ಹುಡುಗರನ್ನು ಕಂಡರೆ ನನಗಾಗುವುದಿಲ್ಲ. ಆದರೆ ನಿನ್ನ ಔಷಧಿಯನ್ನು ಕುಡಿದು ನೋಡಿದವರು ಇದ್ದಾರೆ, ಅವರಿಗೇನಾಯಿತು ಅಂತ ಒಮ್ಮೆ ಕೇಳಿಸಿಕೋ. ಪಶ್ಚಿಮ ಆಫ್ರಿಕಾದ ಘಾನಾ ಅದನ್ನು ಕುಡಿದದ್ದು ಐದು ಸಲ.

ಮೊದಲೇ ಹೇಳಿಬಿಡುತ್ತೇನೆ, ಆ ದೇಶದ ಸಿಪಾಯಿಗಳು ಕೆಟ್ಟವರಲ್ಲ. ಬ್ರಿಟಿಷರು ಅದನ್ನು ಗೋಲ್ಡ್ ಕೋಸ್ಟ್ ಅನ್ನುತ್ತಿದ್ದ ಕಾಲದಲ್ಲಿ ಕಟ್ಟಿದ ರೆಜಿಮೆಂಟು ಅದು. ಎರಡನೇ ಮಹಾಯುದ್ಧದಲ್ಲಿ ಅವರನ್ನು ಹಡಗು ಹತ್ತಿಸಿ ನಮ್ಮ ದೇಶಕ್ಕೇ ತಂದಿಳಿಸಿದರು. ಇಲ್ಲಿಂದ ಬರ್ಮಾದ ಅರಾಕಾನ್ ಕಾಡಿಗೆ ಕಳಿಸಿದರು. ಕಲಾದಾನ್ ಕಣಿವೆಯಲ್ಲಿ ಗಾಡಿ ಓಡುವ ದಾರಿಯಿರಲಿಲ್ಲ. ಮದ್ದುಗುಂಡು, ಅಕ್ಕಿ ಎಲ್ಲವನ್ನೂ ತಲೆಯ ಮೇಲೆ ಹೊತ್ತು ನಡೆದರು. ಗೆದ್ದು ಊರಿಗೆ ಮರಳಿದರೆ ಕೆಲಸವೂ ಇಲ್ಲ, ಕೊಡುತ್ತೇವೆಂದ ಸೌಲಭ್ಯವೂ ಇಲ್ಲ. 1948ರ ಫೆಬ್ರವರಿ 28ರಂದು ಒಂದು ಮನವಿ ಪತ್ರ ಹಿಡಿದು, ಬರಿಗೈಯಲ್ಲಿ, ಆಕ್ರಾದ ಗವರ್ನರ್ ಕೋಟೆಯ ಕಡೆ ನಡೆದರು. ಬ್ರಿಟಿಷ್ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಅಜೆಟೆ, ಅಟಿಪೋ, ಲ್ಯಾಂಪ್ಟೆ ಎಂಬ ಮೂವರು ಮಾಜಿ ಸೈನಿಕರು ಸತ್ತರು. ಊರಿಗೆ ಊರೇ ಹೊತ್ತಿಕೊಂಡಿತು. ಅಲ್ಲಿಂದ ಒಂಬತ್ತು ವರ್ಷಕ್ಕೆ, 1957ರ ಮಾರ್ಚ್ 6ರಂದು, ಕ್ವಾಮೆ ಎನ್‌ಕ್ರುಮಾ ಸ್ವತಂತ್ರ ಘಾನಾದ ಬಾವುಟ ಹಾರಿಸಿದ.

ನೋಡು, ಎಷ್ಟು ಚೆನ್ನಾದ ಶುರು! ಸೈನಿಕರೂ ಜನರೂ ಒಂದೇ ಕಡೆ. ಕೆಟ್ಟದ್ದು ಆಮೇಲೆ.

ಎನ್‌ಕ್ರುಮಾ ದೊಡ್ಡ ಮನುಷ್ಯ, ಅನುಮಾನದ ಮನುಷ್ಯನೂ ಹೌದು. 1958ರಲ್ಲೇ ವಿಚಾರಣೆಯಿಲ್ಲದೆ ಜೈಲಿಗೆ ಹಾಕುವ ಕಾನೂನು ತಂದ. 1964ಕ್ಕೆ ದೇಶದಲ್ಲಿ ಒಂದೇ ಪಕ್ಷ. ಸೇನೆಯ ಮೇಲೂ ನಂಬಿಕೆ ಹೋಗಿ ತನ್ನದೇ ಕಾವಲು ರೆಜಿಮೆಂಟನ್ನು ಬೆಳೆಸಿದ. ಅವರಿಗೆ ಹೊಸ ಬಂದೂಕು, ಮಿಕ್ಕವರಿಗೆ ಹರಿದ ಸಮವಸ್ತ್ರ. ಒಂದೇ ಮನೆಯಲ್ಲಿ ಒಬ್ಬ ಮಗನಿಗೆ ತುಪ್ಪ, ಇನ್ನೊಬ್ಬನಿಗೆ ಗಂಜಿ ಬಡಿಸಿದರೆ ಏನಾಗುತ್ತದೋ ಅದೇ ಆಯಿತು. 1966ರ ಫೆಬ್ರವರಿ 24ರಂದು ಅವನು ಹನೋಯಿಗೆ ಹೊರಟು ದಾರಿಯಲ್ಲಿ ಬೀಜಿಂಗ್ ತಲುಪುವಷ್ಟರಲ್ಲಿ ಕರ್ನಲ್ ಕೊಟೊಕಾ, ಮೇಜರ್ ಅಫ್ರಿಫಾ ಸೇರಿ ಘಾನಾದಲ್ಲಿ ಸರ್ಕಾರ ಉರುಳಿಸಿದ್ದರು. ಜನ ಬೀದಿಯಲ್ಲಿ ಕುಣಿದರು, ಅವನ ಪ್ರತಿಮೆಯನ್ನು ಕೆಡವಿದರು. ಅಲ್ಲಿದ್ದಿದ್ದರೆ ನೀನೂ ಕುಣಿಯುತ್ತಿದ್ದೆ. ನಾನು ಕುಣಿಯುತ್ತಿರಲಿಲ್ಲ ಅಂತ ಎದೆ ತಟ್ಟಿ ಹೇಳಲಾರೆ.

ಅಫ್ರಿಫಾನಿಗೆ ಆಗ ಮೂವತ್ತು ತುಂಬಿರಲಿಲ್ಲ. ಈ ವಯಸ್ಸನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಕುಣಿದು ಮುಗಿಯಿತು. ಆಮೇಲೆ? ಹಿರಿಯರು ಮಾಡಿದ್ದನ್ನು ಕಿರಿಯರು ನೋಡಿದ್ದರಲ್ಲ! 1967ರ ಏಪ್ರಿಲ್ 17ರಂದು ಒಬ್ಬ ಲೆಫ್ಟಿನೆಂಟು ನೂರಿಪ್ಪತ್ತು ಸಿಪಾಯಿಗಳನ್ನೂ ಒಂದಿಷ್ಟು ಕವಚದ ಗಾಡಿಗಳನ್ನೂ ಕಟ್ಟಿಕೊಂಡು ರಾಜಧಾನಿಗೆ ನುಗ್ಗಿದ. ಸ್ವಲ್ಪದರಲ್ಲಿ ಗೆದ್ದೇಬಿಡುತ್ತಿದ್ದ. ಕೊಟೊಕಾ ಸತ್ತ. ಅವನು ಸತ್ತ ವಿಮಾನ ನಿಲ್ದಾಣಕ್ಕೇ ಅವನ ಹೆಸರಿಟ್ಟರು. ಭ್ರಷ್ಟಾಚಾರ ಅಳಿಸಲು ಬಂದ ಸರ್ಕಾರದ ಮುಖ್ಯಸ್ಥ ಜನರಲ್ ಅಂಕ್ರಾ, ವ್ಯಾಪಾರಿಯೊಬ್ಬನಿಂದ ದುಡ್ಡು ಪಡೆದದ್ದು ಬಯಲಾಗಿ 1969ರಲ್ಲಿ ಕುರ್ಚಿ ಬಿಟ್ಟ. ಆ ಜಾಗಕ್ಕೆ ಬಂದ ಅಫ್ರಿಫಾ ಮಾತಿಗೆ ತಪ್ಪಲಿಲ್ಲ ಅನ್ನು. ಅದೇ ವರ್ಷ ಚುನಾವಣೆ ನಡೆಸಿ, ಗೆದ್ದ ಬುಸಿಯಾನ ಕೈಗೆ ಸರ್ಕಾರ ಕೊಟ್ಟ. ಸೈನಿಕರು ಬ್ಯಾರಕ್ಕಿಗೆ ಹೋದರು.

ಎಷ್ಟು ದಿನ ಇದ್ದಾರು? ಒಮ್ಮೆ ಕುರ್ಚಿಯ ರುಚಿ ಕಂಡಿತ್ತು. 1971ರ ಕೊನೆಯಲ್ಲಿ ಬುಸಿಯಾ ಸೆಡಿ ನಾಣ್ಯದ ಬೆಲೆ ಇಳಿಸಿದ. ಅದಕ್ಕೆ ಮೊದಲೇ ಸೇನೆಯ ಸವಲತ್ತುಗಳಿಗೂ ಕತ್ತರಿ ಹಾಕಿದ್ದ. ಕಣ್ಣಿನ ಚಿಕಿತ್ಸೆಗೆಂದು ಲಂಡನ್ನಿಗೆ ಹೋದಾಗ, 1972ರ ಜನವರಿ 13ರಂದು, ಕರ್ನಲ್ ಅಚಾಂಪಾಂಗ್ ಅಧಿಕಾರ ಹಿಡಿದ. ಎನ್‌ಕ್ರುಮಾನ ಕಾಲದಲ್ಲಿದ್ದ ಅಲ್ಪಸ್ವಲ್ಪ ಸೌಕರ್ಯವೂ ಸೈನಿಕರಿಗೆ ತಪ್ಪಿಹೋಯಿತು ಅಂತ ಬಾಯಿಬಿಟ್ಟು ಹೇಳಿದ. ಅಲ್ಲಿಗೆ ದೇಶದ ಹೆಸರಿನಲ್ಲಿ ಭತ್ಯೆಯ ಜಗಳ! ಮೊದಮೊದಲು 'ನಿಮ್ಮ ಅನ್ನ ನೀವೇ ಬೆಳೆಯಿರಿ' ಅಂತ ಚಳವಳಿ, ಹೊಲಗಳಲ್ಲಿ ಹುರುಪು. ಆಮೇಲೆ ಆಮದು ಲೈಸೆನ್ಸುಗಳು ಬೇಕಾದವರಿಗೆ, ಬೇಕಾದವರ ಗೆಳತಿಯರಿಗೆ. ಸಾಬೂನು, ಸಕ್ಕರೆ, ಹಾಲಿನಪುಡಿ ಕಾಳಸಂತೆ ಸೇರಿದವು. 1977ರ ಹೊತ್ತಿಗೆ ಹಣದುಬ್ಬರ ಶೇಕಡಾ ನೂರರ ಗಡಿ ದಾಟಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ರೈತ ಯಾರಿಗೆ ದೂರು ಕೊಡಬೇಕು ಹೇಳು? 1978ರಲ್ಲಿ ಅವನದೇ ಪರಿವಾರದ ಜನರಲ್ ಅಕುಫೊ ಅವನನ್ನು ಇಳಿಸಿ ತಾನು ಕೂತ.

ಈಗ ನಿನಗೆ ಇಷ್ಟವಾಗುವ ಹುಡುಗ ಬರುತ್ತಾನೆ. ಫ್ಲೈಟ್ ಲೆಫ್ಟಿನೆಂಟ್ ಜೆರ್ರಿ ರಾಲಿಂಗ್ಸ್. 32 ತುಂಬಿರಲಿಲ್ಲ. ಚುರುಕು, ಚೆಲುವ, ಒಳ್ಳೆಯ ಮಾತುಗಾರ, ಕೈ ಶುದ್ಧ. 1979ರ ಮೇ 15ರಂದು ದಂಗೆಯೆದ್ದು ಸಿಕ್ಕಿಬಿದ್ದ. ತಪ್ಪು ತನ್ನದು, ತನ್ನ ಹುಡುಗರನ್ನು ಬಿಟ್ಟುಬಿಡಿ ಅಂತ ಕೋರ್ಟ್ ಮಾರ್ಷಲ್ ಎದುರು ನಿಂತ. ಜನ ಅಲ್ಲೇ ಅವನಿಗೆ ಮರುಳಾದರು. ಜೂನ್ 4ರಂದು ಕೆಳದರ್ಜೆಯ ಸಿಪಾಯಿಗಳು ಅವನನ್ನು ಬಂಧನದಿಂದ ಬಿಡಿಸಿ ದೇಶವನ್ನೇ ಕೈಗಿತ್ತರು. ಮನೆ ಗುಡಿಸುತ್ತೇವೆ ಅಂತ ಹೊರಟರು. ನಿನ್ನ ಬಾಯಲ್ಲೂ ಇದೇ ಪೊರಕೆಯ ಮಾತಲ್ಲವಾ?

ಗುಡಿಸಿದ್ದು ಹೀಗೆ. ಜೂನ್ ತಿಂಗಳಲ್ಲೇ ಎಂಟು ಹಿರಿಯ ಅಧಿಕಾರಿಗಳನ್ನು ಟೇಶಿಯ ಗುಂಡಿನ ಮೈದಾನದಲ್ಲಿ ಕಂಬಕ್ಕೆ ಕಟ್ಟಿ ಕೊಂದರು. ಅವರಲ್ಲಿ ಮೂವರು ದೇಶ ಆಳಿದವರು: ಅಚಾಂಪಾಂಗ್, ಅಕುಫೊ, ಅಫ್ರಿಫಾ. ಹೌದು, ಅದೇ ಅಫ್ರಿಫಾ. ಅಧಿಕಾರ ಬಿಟ್ಟುಕೊಟ್ಟಿದ್ದವನು, ಆ ತಿಂಗಳ ಚುನಾವಣೆಯಲ್ಲಿ ಸಂಸತ್ತಿಗೆ ಗೆದ್ದಿದ್ದವನು. 43 ವಯಸ್ಸು. ಇಪ್ಪತ್ತೊಂಬತ್ತರಲ್ಲಿ ಅವನು ತೋರಿಸಿದ ದಾರಿಯಲ್ಲೇ ಇವರು ಅವನನ್ನು ಹುಡುಕಿಕೊಂಡು ಬಂದರು.

ದೊಡ್ಡವರ ಕಥೆ ಬಿಡು, ಮಕೋಲಾ ಸಂತೆಯ ಹೆಂಗಸರ ಕಥೆ ಕೇಳು. ಆಕ್ರಾದ ವ್ಯಾಪಾರ ನಡೆಯುತ್ತಿದ್ದದ್ದು ಅವರ ಕೈಯಲ್ಲಿ. ಬಟ್ಟೆ, ಬ್ಯಾಟರಿ, ಡಬ್ಬಿ ಮೀನು ಎಲ್ಲವೂ ಅಲ್ಲಿ. ಬೆಲೆ ಏರಿಸಿದವರು ಇವರೇ ಅಂತ ಸಿಪಾಯಿಗಳು ಸಾಮಾನನ್ನು ಸರ್ಕಾರಿ ದರಕ್ಕೆ ಮಾರಿಸಿದರು, ಹೆಂಗಸರಿಗೆ ಬಹಿರಂಗವಾಗಿ ಛಡಿಯೇಟು ಕೊಟ್ಟರು. ಆಗಸ್ಟ್ 18ರಂದು ಒಂದನೇ ನಂಬರಿನ ಮಕೋಲಾ ಸಂತೆಯನ್ನೇ ನೆಲಸಮ ಮಾಡಿದರು. ನಾಲ್ಕು ದಿನ ಎಲ್ಲ ಅಗ್ಗ. ಐದನೇ ದಿನ ಕೊಳ್ಳೋಣವೆಂದರೆ ಸಾಮಾನೇ ಇಲ್ಲ. ಲೈಸೆನ್ಸು ಹಂಚಿದವನು ಸಮವಸ್ತ್ರದವನು, ಬೆನ್ನಿಗೆ ಏಟು ತಿಂದವಳು ಮೀನು ಮಾರುವವಳು. ಬಂದೂಕಿನ ನ್ಯಾಯಕ್ಕೆ ತಾಳ್ಮೆ ಕಡಿಮೆ ಮರಿ, ಹತ್ತಿರ ಸಿಕ್ಕವರನ್ನೇ ಬಡಿಯುತ್ತದೆ.

ರಾಲಿಂಗ್ಸ್ ಸೆಪ್ಟೆಂಬರಿನಲ್ಲಿ ಚುನಾಯಿತ ಲಿಮಾನ್‌ಗೆ ಅಧಿಕಾರ ಕೊಟ್ಟು ಬ್ಯಾರಕ್ಕಿಗೆ ಹೋದ. 1981ರ ಡಿಸೆಂಬರ್ 31ರಂದು ವಾಪಸ್ ಬಂದ. ಆರೇ ತಿಂಗಳಲ್ಲಿ ಮೂವರು ಹೈಕೋರ್ಟ್ ನ್ಯಾಯಾಧೀಶರನ್ನು ರಾತ್ರೋರಾತ್ರಿ ಮನೆಯಿಂದ ಎಳೆದೊಯ್ದು ಕೊಂದರು. ಒಬ್ಬಾಕೆ ಹಾಲೂಡಿಸುವ ತಾಯಿ. 1983ರಲ್ಲಿ ಬರ, ಕಾಳ್ಗಿಚ್ಚು, ಜೊತೆಗೆ ನೈಜೀರಿಯಾ ಹೊರದಬ್ಬಿದ ಲಕ್ಷಾಂತರ ಜನ ಊರಿಗೆ ಬಂದರು. ಇದು ಅವನ ತಪ್ಪಲ್ಲ, ನ್ಯಾಯವಾಗಿ ಹೇಳಬೇಕು. ಹಸಿವಿಗೆ ಸೊರಗಿ ಎದ್ದುಕಂಡ ಕೊರಳ ಮೂಳೆಯನ್ನು ಜನ 'ರಾಲಿಂಗ್ಸ್ ಸರ' ಅಂದರು. ಹೊಟ್ಟೆಗಿಲ್ಲದಾಗಲೂ ಕುಚೋದ್ಯ ಬಿಡದ ಜನ ಅವರು, ನನಗೆ ತುಂಬ ಹಿಡಿಸುತ್ತಾರೆ. ಕೊನೆಗೆ ಅವನು ಐಎಂಎಫ್ ಬಾಗಿಲು ತಟ್ಟಿದ, ನಾಣ್ಯದ ಬೆಲೆ ಇಳಿಸಿದ. ಬುಸಿಯಾನನ್ನು ಯಾವುದಕ್ಕೆ ಇಳಿಸಿದ್ದರೋ ಅದನ್ನೇ, ಅವನಿಗಿಂತ ಎಷ್ಟೋ ಪಟ್ಟು ಜಾಸ್ತಿ!

ಫೋನಿನಲ್ಲಿ ನೀನು ನೋಡುವ ಕೆಂಪು ಟೋಪಿಯ ಕ್ಯಾಪ್ಟನ್ ಟ್ರಾವೊರೆ ಘಾನಾದ ಉತ್ತರದ ನೆರೆಮನೆಯವನು. ಬುರ್ಕಿನಾ ಫಾಸೊದಲ್ಲಿ ಅಧಿಕಾರ ಹಿಡಿದದ್ದು 2022ರಲ್ಲಿ, 34ನೇ ವಯಸ್ಸಿಗೆ. ಅದೇ ವರ್ಷ ಜನವರಿಯಲ್ಲಿ ಬೇರೊಬ್ಬ ಸೈನ್ಯಾಧಿಕಾರಿ ಹಿಡಿದದ್ದನ್ನೇ ಇವನು ಸೆಪ್ಟೆಂಬರಿನಲ್ಲಿ ಕಿತ್ತುಕೊಂಡ. 2024ರ ಜುಲೈಗೆ ಮುಗಿಯಬೇಕಿದ್ದ ಗಡುವನ್ನು ಐದು ವರ್ಷ ಮುಂದಕ್ಕೆ ಹಾಕಿಸಿಕೊಂಡ. ಅವನ ಮಾತಿನಲ್ಲಿ ಕಸುವಿದೆ, ಅವನ ಸಿಟ್ಟಿಗೂ ಕಾರಣವಿದೆ. ರಾಲಿಂಗ್ಸ್‌ಗೂ ಇತ್ತು. ಚಪ್ಪಾಳೆ ತಟ್ಟುವ ಮೊದಲು ಅವನ ಹಿಂದೆ ನಿಂತ ಕಿರಿಯ ಸಿಪಾಯಿ ಏನು ಕಲಿಯುತ್ತಿದ್ದಾನೆ ಅಂತ ನೋಡು, ಅಷ್ಟು ಸಾಕು.

ಘಾನಾ ಹೇಗೆ ಹೊರಬಂತು ಅನ್ನುವೆಯಾ? ಜನ, ವಕೀಲರು, ವಿದ್ಯಾರ್ಥಿಗಳು, ಚರ್ಚಿನವರು ಬಿಡದೆ ಕಾಡಿದರು. ಸಾಲ ಕೊಟ್ಟ ಹೊರಗಿನವರೂ ಒತ್ತಡ ಹಾಕಿದರು. 1992ರಲ್ಲಿ ಸಂವಿಧಾನ ಬಂತು. ದಂಗೆಯೆದ್ದವರ ಮೇಲೆ ಕೇಸು ಹಾಕುವಂತಿಲ್ಲ ಅಂತ ಒಂದು ಕಲಮನ್ನೂ ಅದರೊಳಗೇ ತುರುಕಿದ್ದಾರೆ. ನನಗೆ ಅದು ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಆದರೂ ರಾಲಿಂಗ್ಸ್ ಸಮವಸ್ತ್ರ ಕಳಚಿ ಎರಡು ಚುನಾವಣೆ ಗೆದ್ದ, ಅವಧಿ ಮುಗಿದದ್ದೇ 2001ರ ಜನವರಿಯಲ್ಲಿ ವಿರೋಧಪಕ್ಷದವನಿಗೆ ಕುರ್ಚಿ ಬಿಟ್ಟು ಮನೆಗೆ ಹೋದ. ಅವಸರದ ಹುಡುಗ ಮಾಗುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಖರ್ಚು ಕೊಟ್ಟವರು ಬೇರೆಯವರು.

ಅದೇ ಸೇನೆಗೆ ಅದರದೇ ಕೆಲಸ ಕೊಟ್ಟಾಗ ಏನು ಮಾಡಿತು ಗೊತ್ತಾ? 1994ರಲ್ಲಿ ರುವಾಂಡಾದಲ್ಲಿ ನರಮೇಧ ಶುರುವಾದಾಗ ವಿಶ್ವಸಂಸ್ಥೆ ತನ್ನ ಪಡೆಯನ್ನು ಕೆಲವೇ ನೂರು ಜನರಿಗೆ ಇಳಿಸಿತು. ಬೆಲ್ಜಿಯಂನವರು ಹೊರಟುಹೋದರು. ಉಪದಂಡನಾಯಕನಾಗಿದ್ದ ಘಾನಾದ ಬ್ರಿಗೇಡಿಯರ್ ಹೆನ್ರಿ ಅನ್ಯಿಡೊಹೊ ಹೋಗಲಾರೆ ಅಂದ. ಅವನ ಜೊತೆ ನೂರಾರು ಘಾನಾ ಸಿಪಾಯಿಗಳು ಕಿಗಾಲಿಯಲ್ಲೇ ಉಳಿದರು. ಅವರಿಂದಾಗಿ ಸಾವಿರಾರು ಜೀವ ಉಳಿಯಿತು. ಯಾರ ಸರ್ಕಾರವನ್ನೂ ಉರುಳಿಸಲಿಲ್ಲ, ಯಾರ ಸಂತೆಯನ್ನೂ ಒಡೆಯಲಿಲ್ಲ.

ನಿಮ್ಮ ಬೆಂಗಳೂರಿನ ಕಾಲೇಜುಗಳಲ್ಲಿ ಆಫ್ರಿಕಾದ ಹುಡುಗರು ಓದುತ್ತಾರಲ್ಲ. ಘಾನಾದವನು ಸಿಕ್ಕರೆ ಒಂದು ಕಾಫಿ ಕೊಡಿಸು. ರಾಜಕೀಯ ಕೇಳಬೇಡ. 1983ರಲ್ಲಿ ನಿಮ್ಮಜ್ಜಿ ಮನೆಯಲ್ಲಿ ಏನು ಅಡುಗೆ ಮಾಡುತ್ತಿದ್ದರಪ್ಪ ಅಂತ ಕೇಳು. ಅವನು ಹೇಳಿದ್ದನ್ನು ಬಂದು ನನಗೂ ಹೇಳು, ನಿನ್ನ ಐದು ವರ್ಷದ ಮಿಲಿಟರಿ ಆಮೇಲೆ ಮಾತಾಡೋಣ.