ತಾಳಗುಂದ: ಕದಂಬರ ಚರಿತ್ರೆಯ ಕಲ್ಲು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಹಳೆಯ ಹೆಸರು ಸ್ಥಾನಕುಂದೂರು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವೇ ಕದಂಬರ ಚರಿತ್ರೆಗೆ ಮುಖ್ಯ ಆಧಾರ. ಭಾಷೆ ಸಂಸ್ಕೃತ, ಕವಿ ಕುಬ್ಜ, ಬರೆಸಿದ ಅರಸ ಶಾಂತಿವರ್ಮ.

ಈ ಶಾಸನದ ಪ್ರಕಾರ, ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮ ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋಗಿದ್ದ. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಯಿತು. ಅವಮಾನಿತನಾದ ಆತ ದರ್ಭೆ ಹಿಡಿದ ಕೈಯಲ್ಲೇ ಖಡ್ಗ ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆಯೂರಿ ಪಲ್ಲವರನ್ನು ಕಾಡಿದ. ಕೊನೆಗೆ ಅವರೇ ಆತನ ಅಧಿಕಾರವನ್ನು ಮಾನ್ಯ ಮಾಡಿದರು. ಕದಂಬ ರಾಜ್ಯದ ಸ್ಥಾಪನೆ ಸುಮಾರು ಕ್ರಿ.ಶ. 345, ರಾಜಧಾನಿ ವರದಾ ತೀರದ ಬನವಾಸಿ. ಮುಂದೆ ಕದಂಬ ಅರಸ ಕಾಕುತ್ಸ್ಥವರ್ಮ ತಾಳಗುಂದದಲ್ಲಿ ಕೆರೆ ಕಟ್ಟಿಸಿದ, ಗುಪ್ತರೊಂದಿಗೆ ನೆಂಟಸ್ತನ ಬೆಳೆಸಿದ.

ಸ್ತಂಭಶಾಸನವಲ್ಲದೆ, ಇಲ್ಲಿನ ಸಿಂಹಕಟಾಂಜನದ (ಸಿಂಹದ ಕೆತ್ತನೆಯ ಮೆಟ್ಟಿಲ ಪಕ್ಕದ ಕಲ್ಲಿನ) ಕನ್ನಡ ಶಾಸನವನ್ನು ಕೆಲವು ವಿದ್ವಾಂಸರು ಸುಮಾರು ಕ್ರಿ.ಶ. 370ರದೆಂದು ಗುರುತಿಸಿದ್ದಾರೆ. ಅಂದರೆ ಅದು ಸುಮಾರು ಕ್ರಿ.ಶ. 450ರ ಹಲ್ಮಿಡಿಯ ಕನ್ನಡ ಶಾಸನಕ್ಕಿಂತ ಹಿಂದಿನದು.