ಒಂದು ಹಾರ್ಡ್ ಡಿಸ್ಕ್, ಮೂರು ಲ್ಯಾಪ್‌ಟಾಪ್

ಕಳೆದ ರಾಜ್ಯೋತ್ಸವ ಮುಗಿದ ರಾತ್ರಿ ನಮ್ಮ ಸಂಘದ ಹಾರ್ಡ್ ಡಿಸ್ಕ್‌ನಲ್ಲಿದ್ದ ಹಳೇ ವಿಡಿಯೊಗಳನ್ನೆಲ್ಲ ನಾವೇ ಕೈಯಾರೆ ಅಳಿಸಿಬಿಟ್ವಿ. ವೈರಸ್ ಬಂದಿರಲಿಲ್ಲ, ಡಿಸ್ಕ್ ಕೆಳಗೆ ಬಿದ್ದಿರಲಿಲ್ಲ. ಒಂದು ಬಟನ್ ಒತ್ತಿದ್ವಿ, ಅಷ್ಟೇ. ನಿಮಗೆ ಹೀಗಾಗೋದು ಬೇಡ ಅಂತ ಈ ಲೇಖನ.

ಆಗಿದ್ದು ಇಷ್ಟು. ಸೀನಿಯರ್ಸ್ ಕೊಟ್ಟು ಹೋಗಿದ್ದ ಆ 1 ಟಿಬಿ ಡಿಸ್ಕನ್ನು ಅವರು ಉಬುಂಟುನಲ್ಲಿ ಬಳಸ್ತಾ ಇದ್ರು. ಈಗ ನಮ್ಮಲ್ಲಿ ವಿಡಿಯೊ ಎಡಿಟ್ ಮಾಡೋರ ಹತ್ರ ಇರೋದು ಮ್ಯಾಕ್, ಪೋಸ್ಟರ್ ಮಾಡೋರ ಹತ್ರ ವಿಂಡೋಸ್. ಕಾರ್ಯಕ್ರಮದ ರೆಕಾರ್ಡಿಂಗ್ ತುಂಬಿಸೋಣ ಅಂತ ಡಿಸ್ಕನ್ನು ಮ್ಯಾಕ್‌ಗೆ ಹಾಕಿದ್ವಿ. ಈ ಡಿಸ್ಕನ್ನು ಈ ಕಂಪ್ಯೂಟರ್‌ನಿಂದ ಓದೋಕಾಗಲ್ಲ ಅನ್ನೋ ಮೆಸೇಜ್ ಬಂತು. ಜೊತೆಗೆ ಮೂರು ಬಟನ್: ಇಜೆಕ್ಟ್, ಇಗ್ನೋರ್, ಇನಿಶಿಯಲೈಸ್. ಇನಿಶಿಯಲೈಸ್ ಅಂದ್ರೆ ಶುರು ಮಾಡೋದು ತಾನೇ ಅಂದ್ಕೊಂಡು ಒತ್ತಿದ್ವಿ. ಡಿಸ್ಕ್ ಯುಟಿಲಿಟಿ ತೆರೆದುಕೊಳ್ತು. ಅಲ್ಲಿ ಇರೇಸ್ ಅಂತ ಇದ್ದಿದ್ದನ್ನೂ ಒತ್ತಿದ್ವಿ. ಡಿಸ್ಕ್ ‘ಸರಿಹೋಯ್ತು’. ಒಳಗೆ ಮಾತ್ರ ಏನೂ ಇರಲಿಲ್ಲ.

ಫೋಟೊರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿ ಹುಡುಕಿದಾಗ ಒಂದಷ್ಟು ಫೋಟೊ ವಾಪಸ್ ಸಿಕ್ಕವು, ಆದರೆ ಫೈಲ್ ಹೆಸರುಗಳೆಲ್ಲ ಹೋಗಿದ್ವು. ಸೀನಿಯರ್ಸ್ ಮಾಡಿದ್ದ ನಾಟಕದ ಪೂರ್ತಿ ರೆಕಾರ್ಡಿಂಗ್ ಮಾತ್ರ ಸಿಗಲೇ ಇಲ್ಲ. ಅದಕ್ಕೆ ಬೇರೆ ಕಾಪಿ ಇರಲಿಲ್ಲ.

ಅಸಲಿಗೆ ತೊಂದರೆ ಎಲ್ಲಿತ್ತು?

ಡಿಸ್ಕನ್ನು ಒಂದು ನೋಟ್‌ಬುಕ್ ಅಂದುಕೊಳ್ಳಿ. ಯಾವ ಫೈಲ್ ಯಾವ ಪುಟದಿಂದ ಶುರುವಾಗುತ್ತೆ, ಎಲ್ಲಿ ಮುಂದುವರಿಯುತ್ತೆ, ಯಾವ ಪುಟ ಖಾಲಿ ಇದೆ ಅಂತ ಬರೆದಿಡೋ ಪದ್ಧತಿಯೇ ಫೈಲ್ ಸಿಸ್ಟಮ್. ಅದು ಲಿಪಿ ಇದ್ದ ಹಾಗೆ. ಕನ್ನಡ ಬಾರದವರ ಕೈಗೆ ಕನ್ನಡ ಪುಸ್ತಕ ಕೊಟ್ಟರೆ ‘ನನಗೆ ಓದೋಕೆ ಬರಲ್ಲ’ ಅಂತಾರೆ. ಪುಸ್ತಕ ಖಾಲಿ ಅಂತ ಅದರ ಅರ್ಥ ಅಲ್ಲ. ಮ್ಯಾಕ್ ಹೇಳಿದ್ದೂ ಅಷ್ಟೇ. ‘ಹಾಗಿದ್ರೆ ಎಲ್ಲಾ ಅಳಿಸು’ ಅಂದಿದ್ದು ನಾವು.

ಯಾರು ಏನನ್ನು ಓದ್ತಾರೆ?

ಎನ್‌ಟಿಎಫ್‌ಎಸ್: ವಿಂಡೋಸ್‌ನದು. ಲಿನಕ್ಸ್ ಓದುತ್ತೆ, ಬರೆಯುತ್ತೆ. ಮ್ಯಾಕ್ ಓದುತ್ತೆ, ಆದರೆ ಬೇರೆ ಸಾಫ್ಟ್‌ವೇರ್ ಇಲ್ಲದೆ ಬರೆಯಲ್ಲ.

ಎಪಿಎಫ್‌ಎಸ್: 2017ರಿಂದ ಮ್ಯಾಕ್‌ನದು. ವಿಂಡೋಸ್ ತಾನಾಗಿ ಓದಲ್ಲ.

ಇಎಕ್ಸ್‌ಟಿ4: ಲಿನಕ್ಸ್‌ನದು. ಮ್ಯಾಕ್‌ಗೆ ಗೊತ್ತಾಗಲ್ಲ. ನಾವು ಎಡವಿದ್ದು ಇಲ್ಲೇ.

ಫ್ಯಾಟ್32: ಮೂರರಲ್ಲೂ ನಡೆಯುತ್ತೆ. ಆದರೆ ಫೈಲ್‌ನ ಗಾತ್ರ ಬರೆದಿಡೋಕೆ ಇದರಲ್ಲಿ ಇರೋದು 32 ಬಿಟ್ ಮಾತ್ರ. ಹಾಗಾಗಿ ಒಂದು ಫೈಲ್ 4 ಜಿಬಿ ಮುಟ್ಟೋ ಹಾಗಿಲ್ಲ. ಡಿಸ್ಕ್‌ನಲ್ಲಿ 900 ಜಿಬಿ ಖಾಲಿ ಇದ್ರೂ 5 ಜಿಬಿ ವಿಡಿಯೊ ಹೋಗಲ್ಲ.

ಎಕ್ಸ್‌ಫ್ಯಾಟ್: ಮೈಕ್ರೋಸಾಫ್ಟ್ 2006ರಲ್ಲಿ ತಂದಿದ್ದು. 4 ಜಿಬಿ ಮಿತಿ ಇಲ್ಲ. ಮ್ಯಾಕ್‌ನಲ್ಲಿ ಬಹಳ ವರ್ಷದಿಂದ ನಡೀತಿದೆ. 2019ರಲ್ಲಿ ಮೈಕ್ರೋಸಾಫ್ಟ್ ಇದರ ವಿವರಗಳನ್ನು ಬಹಿರಂಗ ಮಾಡಿತು, ಅದೇ ವರ್ಷ ಲಿನಕ್ಸ್ ಕರ್ನಲ್ 5.4ರಲ್ಲಿ ಇದಕ್ಕೆ ಡ್ರೈವರ್ ಸೇರಿತು. ಹಾಗಾಗಿ ಈಗಿನ ಉಬುಂಟುನಲ್ಲೂ ಸಲೀಸು.

ಮೂರೂ ಕಡೆ ಓಡಾಡೋ ಡಿಸ್ಕ್‌ಗೆ ಎಕ್ಸ್‌ಫ್ಯಾಟೇ ಸರಿ.

ಮಾಡೋದು ಹೇಗೆ?

1. ಮೊದಲು ಡಿಸ್ಕ್‌ನಲ್ಲಿರೋದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ. ಫಾರ್ಮ್ಯಾಟ್ ಮಾಡಿದ್ರೆ ಇರೋದೆಲ್ಲ ಹೋಗುತ್ತೆ. ಕಾಪಿ ಆದ ಫೈಲ್‌ಗಳಲ್ಲಿ ನಾಲ್ಕೈದನ್ನಾದ್ರೂ ತೆರೆದು ನೋಡಿ.

2. ವಿಂಡೋಸ್‌ನಲ್ಲಾದ್ರೆ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆರಿಸಿ, ಫೈಲ್ ಸಿಸ್ಟಮ್ ಅನ್ನೋ ಕಡೆ ಎಕ್ಸ್‌ಫ್ಯಾಟ್ ಇಡಿ. ಒತ್ತೋ ಮುಂಚೆ ಡ್ರೈವ್‌ನ ಅಕ್ಷರ ಮತ್ತು ಗಾತ್ರ ಎರಡನ್ನೂ ಇನ್ನೊಮ್ಮೆ ನೋಡಿ. ಪಕ್ಕದಲ್ಲೇ ನಿಮ್ಮ ಡಿ ಡ್ರೈವ್ ಕೂಡ ಇರುತ್ತೆ!

3. ಮ್ಯಾಕ್‌ನಲ್ಲಾದ್ರೆ ಡಿಸ್ಕ್ ಯುಟಿಲಿಟಿಯ ವ್ಯೂ ಮೆನುವಿನಲ್ಲಿ ‘ಶೋ ಆಲ್ ಡಿವೈಸಸ್’ ಆರಿಸಿ. ಪಾರ್ಟಿಶನ್ ಅಲ್ಲ, ಅದರ ಮೇಲಿರೋ ಇಡೀ ಡಿಸ್ಕನ್ನು ಹಿಡಿದು ಇರೇಸ್ ಕೊಡಿ. ಫಾರ್ಮ್ಯಾಟ್ ಎಕ್ಸ್‌ಫ್ಯಾಟ್, ಸ್ಕೀಮ್ ಜಿಯುಐಡಿ ಪಾರ್ಟಿಶನ್ ಮ್ಯಾಪ್.

4. ಆಮೇಲೆ ಮೂರೂ ಲ್ಯಾಪ್‌ಟಾಪ್‌ನಲ್ಲಿ ಒಂದೊಂದು ಚಿಕ್ಕ ಫೈಲ್ ಬರೆದು, ಇನ್ನೊಂದರಲ್ಲಿ ತೆರೆದು ನೋಡಿ. ಎಲ್ಲಾ ಕಡೆ ತೆರೆದುಕೊಂಡ ಮೇಲೇ ಡೇಟಾ ವಾಪಸ್ ಹಾಕಿ.

ಎಕ್ಸ್‌ಫ್ಯಾಟ್‌ನಲ್ಲೂ ಕೊರತೆ ಇದೆ

ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಎರಡೂ ತಮ್ಮ ಲೆಕ್ಕದಲ್ಲಿ ಬದಲಾವಣೆ ಮಾಡೋ ಮುಂಚೆ ‘ಇದನ್ನು ಮಾಡಲಿದ್ದೇನೆ’ ಅಂತ ಬರೆದಿಟ್ಕೊಳ್ಳುತ್ತವೆ. ಇದೇ ಜರ್ನಲಿಂಗ್. ಮಧ್ಯದಲ್ಲಿ ಕರೆಂಟ್ ಹೋದ್ರೆ ಅದನ್ನು ನೋಡಿ ಲೆಕ್ಕ ಸರಿಮಾಡಬಹುದು. ಎಕ್ಸ್‌ಫ್ಯಾಟ್‌ನಲ್ಲಿ ಇದು ಇಲ್ಲ. ಕಾಪಿ ಆಗ್ತಿರುವಾಗ ಕೇಬಲ್ ಕಿತ್ತರೆ ಲೆಕ್ಕವೇ ಕೆಡಬಹುದು. ಸಾಲದ್ದಕ್ಕೆ, ಲಿನಕ್ಸ್‌ನಲ್ಲಿ ಕಾಪಿ ಮುಗೀತು ಅಂತ ತೋರಿಸಿದ ಮೇಲೂ ಸ್ವಲ್ಪ ಡೇಟಾ ರ‍್ಯಾಮ್‌ನಲ್ಲೇ ಉಳಿದಿರಬಹುದು. ಅದಕ್ಕೇ ಇಜೆಕ್ಟ್ ಮಾಡದೆ ಕೀಳಬೇಡಿ. ಬಸ್ ಹೊರಟ್ರೂ ಪರವಾಗಿಲ್ಲ, ಹತ್ತು ಸೆಕೆಂಡ್ ಕಾಯಿರಿ.

ಎರಡನೇದು ಚಿಕ್ಕ ಫೈಲ್‌ಗಳ ಸಮಸ್ಯೆ. ದೊಡ್ಡ ಡಿಸ್ಕನ್ನು ವಿಂಡೋಸ್ ಎಕ್ಸ್‌ಫ್ಯಾಟ್ ಮಾಡಿದಾಗ ಸಾಮಾನ್ಯವಾಗಿ 128 ಕೆಬಿಯ ತುಂಡುಗಳಾಗಿ ಹಂಚುತ್ತೆ. 1 ಕೆಬಿ ಫೈಲ್ ಕೂಡ ಒಂದು ಪೂರ್ತಿ ತುಂಡು ಹಿಡಿಯುತ್ತೆ. ಅಂಥ 10,000 ಫೈಲ್ ಇರೋ ಪ್ರಾಜೆಕ್ಟ್ ಫೋಲ್ಡರ್ ಅಂದ್ರೆ 10 ಎಂಬಿ ಡೇಟಾಗೆ ಸುಮಾರು 1.2 ಜಿಬಿ ಜಾಗ. ಜೊತೆಗೆ ಲಿನಕ್ಸ್‌ನ ಪರ್ಮಿಷನ್, ಸಿಂಬಾಲಿಕ್ ಲಿಂಕ್ ಎಕ್ಸ್‌ಫ್ಯಾಟ್‌ನಲ್ಲಿ ಉಳಿಯಲ್ಲ. ದೊಡ್ಡಕ್ಷರ, ಸಣ್ಣಕ್ಷರದಲ್ಲಿ ಮಾತ್ರ ವ್ಯತ್ಯಾಸ ಇರೋ ಎರಡು ಹೆಸರುಗಳು ಒಂದೇ ಫೋಲ್ಡರ್‌ನಲ್ಲಿ ಇರೋ ಹಾಗಿಲ್ಲ. ಹಾಗಾಗಿ ಕೋಡ್ ಫೋಲ್ಡರನ್ನು ಹಾಗೇ ಹಾಕಬೇಡಿ. ಟಾರ್ ಫೈಲ್ ಮಾಡಿ ಹಾಕಿ, ಲಿನಕ್ಸ್‌ನಲ್ಲಿ ಬಿಚ್ಚಿಕೊಳ್ಳಿ.

ನಮ್ಮ ಸಂಘದ ಡಿಸ್ಕ್ ಈಗ ಎಕ್ಸ್‌ಫ್ಯಾಟ್. ಅದರಲ್ಲಿರೋ ಪ್ರತಿ ವಿಡಿಯೊಗೂ ಇನ್ನೊಂದು ಡಿಸ್ಕ್‌ನಲ್ಲಿ ಕಾಪಿ ಇದೆ, ಯಾಕಂದ್ರೆ ಯಾವ ಫೈಲ್ ಸಿಸ್ಟಮ್ಮೂ ಬ್ಯಾಕಪ್‌ನ ಕೆಲಸ ಮಾಡಲ್ಲ. ಮೇಲೆ ಒಂದು ಚೀಟಿ ಅಂಟಿಸಿದ್ದೀವಿ: ‘ಓದೋಕಾಗಲ್ಲ ಅಂದ್ರೆ ಇಜೆಕ್ಟ್ ಒತ್ತಿ, ಬೇರೆ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿ.’ ಆ ರಾತ್ರಿ ನಾವು ಇಷ್ಟು ಮಾಡಿದ್ರೆ ಸಾಕಿತ್ತು. ಉಬುಂಟು ಲ್ಯಾಪ್‌ಟಾಪ್ ಪಕ್ಕದ ಮೇಜಿನ ಮೇಲೇ ಇತ್ತು.