ಒಂದು ರಿಮೋಟಿಗೆ ಎರಡು ರಿಸೀವರು
ಸಿರುಗುಪ್ಪ, ಕುರುಗೋಡು ಕಡೆಯ ತೋಟದ ಮನೆಗಳಿಗೆ ಅಂಗಳದ ದೀಪಕ್ಕೊಂದು, ಪಂಪ್‌ಸೆಟ್ಟಿಗೊಂದು ರಿಮೋಟನ್ನು ಬಳ್ಳಾರಿ ಪೇಟೆಯಿಂದ ತರುವವರಿದ್ದೀರಿ. ಅಗ್ಗದ ರಿಮೋಟುಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಕಂಪನಾಂಕದಲ್ಲಿಯೇ ಕೆಲಸ ಮಾಡುತ್ತವೆ. ಸಂಕೇತವೂ ಒಂದೇ ಆಗಿಬಿಟ್ಟರೆ ದೀಪಕ್ಕೆಂದು ಒತ್ತಿದ ಗುಂಡಿಗೆ ಮೋಟಾರೂ ಓಡೀತು. ಆ ಹೊತ್ತಿಗೆ ಯಾರಾದರೂ ಕಪ್ಲಿಂಗಿಗೆ ಕೈಯಿಟ್ಟಿದ್ದರೆ? ಆದ್ದರಿಂದ ಒಂದೊಂದು ರಿಸೀವರಿಗೂ ಬೇರೆ ಸಂಕೇತ ಹೊಂದಿಸಿರಿ.

ಸಂಕೇತ ಬೇರೆಯಿದ್ದರೂ ಕೆಲವು ಅಗ್ಗದ ರಿಸೀವರುಗಳು ತಾವೇ ಸ್ವಲ್ಪ ತರಂಗ ಹೊರಸೂಸಿ ಪಕ್ಕದ್ದನ್ನು ಕಿವುಡಾಗಿಸುತ್ತವೆ. ಎರಡನ್ನೂ ಒಂದೇ ಹಲಗೆಗೆ ಬಿಗಿಯದೆ ದೂರ ದೂರ ಇಡಿರಿ. ಒಂದನ್ನು ಆರಿಸಿದಾಗ ಇನ್ನೊಂದು ಸರಿಯಾಗಿ ನಡೆದರೆ ದೋಷ ಇದೇ ಎಂದು ತಿಳಿಯಿರಿ. ಸುಮಾರು 17 ಸೆಂ.ಮೀ. ಉದ್ದದ ಏರಿಯಲ್ ತಂತಿಯನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮಡಚಿಡದೆ ಹೊರಕ್ಕೆ ನೇರವಾಗಿ ಬಿಡಿರಿ.

ಪಂಪಿನ ರಿಪೇರಿಗೆ ಇಳಿಯುವಾಗ ಮಾತ್ರ ರಿಮೋಟನ್ನು ನಂಬಬೇಡಿರಿ. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿರಿ.